ಸೇತುವೆಯ ಮೇಲೆ ಬರಿಗಾಲಿನ ಇಬ್ಬರು

ದೆವ್ವ, ಪವಾಡ, ಮೈಮೇಲೆ ಬರುವುದು ಇವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಇರಲಿಲ್ಲ ಎಂದರೆ ಸಾಲದು, ನಂಬುವವರನ್ನು ಕಂಡರೆ ಮೈಯುರಿಯುತ್ತಿತ್ತು. ಈಗ ನಾನೇ ಇಂಥದ್ದನ್ನು ಬರೆಯಲು ಕೂತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು, ಆದರೆ ಪೂರ್ತಿ ಓದಿ ಆಮೇಲೆ ನಗಿ.

ಮೈಸೂರಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದವಳು ನಾನು. ಗಂಡನ ಕೆಲಸಕ್ಕಾಗಿ ಟೋಕಿಯೋಗೆ ಬಂದ ಮೇಲೂ ಹಿಡಿದ ಪಿಎಚ್‌ಡಿ ಬಿಟ್ಟಿರಲಿಲ್ಲ. ವಿಷಯ, ಮಧ್ಯಯುಗದ ಇಂಗ್ಲೆಂಡಿನ ಫ್ರೈಯರ್‌ಗಳು. ಎಸ್ಟೇಟು ಮಾಡಿಕೊಂಡು ಮಠದೊಳಗೆ ಕೂರದೆ, ನಮ್ಮ ಜಂಗಮರ ಹಾಗೆ, ದಾಸರ ಹಾಗೆ ಊರೂರು ತಿರುಗಿ ಭಿಕ್ಷೆ ಬೇಡುತ್ತಿದ್ದ ಕ್ರೈಸ್ತ ಸಂನ್ಯಾಸಿಗಳು ಇವರು. ಒಬ್ಬೊಬ್ಬರೇ ಹೊರಡುವಂತಿಲ್ಲ, ಜೊತೆಗೊಬ್ಬ ಇರಲೇಬೇಕು. ಎಷ್ಟೋ ಜನ ಚಳಿಗಾಲದಲ್ಲೂ ಬರಿಗಾಲಲ್ಲೇ ನಡೆಯುತ್ತಿದ್ದರು. ಸತ್ತ ಸಂನ್ಯಾಸಿಗಳು ದಾರಿ ತಪ್ಪಿದವರಿಗೆ ದಾರಿ ತೋರಿಸಿದ ಕಥೆಗಳೂ ಅವರ ಬಗ್ಗೆ ಇವೆ. ಅವನ್ನೆಲ್ಲ ನಾನು ಭಕ್ತರನ್ನು ಸೆಳೆಯಲು ಕಟ್ಟಿದ ಕಥೆಗಳೆಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ.

ಇಲ್ಲಿನ ಕನ್ನಡದ ಗೆಳತಿಯರಿಗೆ ನನ್ನ ವಿಷಯವೇ ಒಂದು ತಮಾಷೆ. "ಏನ್ರೀ, ನಿಮ್ಮ ಭಿಕ್ಷುಕರು ಹೇಗಿದಾರೆ?" ಎಂದು ಸುಧಾ ಪ್ರತಿ ಸಲ ಕೇಳುತ್ತಿದ್ದಳು. ನಿಶಿ ಕಸಾಯಿಯ ಅವಳ ಮನೆಗೇ ಆ ಭಾನುವಾರ ನಾನು ಹೋಗಿದ್ದು, ಅವಳ ಮಗನ ಬರ್ತ್‌ಡೇಗೆ. ನನ್ನ ಮಗಳು ಇಂಚರಾಗೆ ಆಗ ನಾಲ್ಕು ವರ್ಷ. ಗಂಡ ಕೆಲಸದ ಮೇಲೆ ಸಗಮಿಹಾರಾಗೆ ಹೋಗಿದ್ದರು.

ಮಧ್ಯಾಹ್ನ ಹಿಮ ಶುರುವಾಯಿತು. ನೋಡನೋಡುತ್ತ ರೈಲು ನಿಂತಿತು, ಟ್ಯಾಕ್ಸಿ ಒಂದೂ ಸಿಗಲಿಲ್ಲ. "ಇಲ್ಲೇ ಇದ್ಬಿಡ್ರೀ, ನಾಳೆ ಹೋದ್ರಾಯ್ತು" ಎಂದಳು ಸುಧಾ. ಇರಬಹುದಿತ್ತು. ಆದರೆ ಇಂಚರಾಗೆ ಆಗಲೇ ಉಬ್ಬಸದ ಸಣ್ಣ ಸದ್ದು ಶುರುವಾಗಿತ್ತು. ಅವಳ ಔಷಧ, ಅದನ್ನು ಉಸಿರಿಗೆ ಕೊಡುವ ಮೆಷಿನ್ನು, ಎರಡೂ ಓಜಿಮಾದ ನಮ್ಮ ಮನೆಯಲ್ಲಿದ್ದವು. ಹತ್ತಿರದ ಕ್ಲಿನಿಕ್ಕಿಗೆ ರಜೆ. ಮಗುವನ್ನು ದುಪಟ್ಟಾದಲ್ಲಿ ಬೆನ್ನಿಗೆ ಕಟ್ಟಿಕೊಂಡು, ಅವಳ ಮುಖವಷ್ಟೇ ಹೊರಗಿರುವ ಹಾಗೆ ಮೇಲೆ ಸುಧಾಳ ದೊಡ್ಡ ಜಾಕೆಟ್ ಹಾಕಿಕೊಂಡು, ನದಿ ದಾಟಿ ಹೋಗುತ್ತೇನೆಂದು ಹೊರಟೆ. ಹುಚ್ಚು ಧೈರ್ಯ ಎಂದು ಆಮೇಲೆ ಎಲ್ಲರೂ ಬೈದರು. ಬೈಯಲಿ. ಔಷಧ ಇದ್ದ ಕಡೆಗೆ ಮಗುವನ್ನು ಕರೆದುಕೊಂಡು ಹೊರಟವಳು ನಾನು, ಅದಕ್ಕೆ ಇವತ್ತೂ ತಲೆ ತಗ್ಗಿಸುವುದಿಲ್ಲ.

ಅರಕಾವಾ ನದಿಯ ಮೇಲಿನ ಆ ಸೇತುವೆ ಬಹಳ ಉದ್ದ. ಅರ್ಧಕ್ಕೆ ಬರುವಷ್ಟರಲ್ಲಿ ಗಾಳಿ ಎದ್ದು, ಹಿಂದೂ ಕಾಣದು, ಮುಂದೂ ಕಾಣದು ಎನ್ನುವಂತಾಯಿತು. ನನ್ನ ಬೆನ್ನ ಮೇಲೆ ಇಂಚರಾಳ ಎದೆ ಎಳೆದೆಳೆದು ಏರಿಳಿಯುವುದು ಗೊತ್ತಾಗುತ್ತಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಸೇತುವೆಯ ಮೇಲೆ ವಾಹನಗಳು ಸಿಕ್ಕಿಹಾಕಿಕೊಂಡಿವೆ, ಹೇಗಾದರೂ ಆಚೆ ತುದಿಗೆ ಬನ್ನಿ, ನಾವು ಅಲ್ಲಿರುತ್ತೇವೆ ಎಂದರು. ನಾಲ್ಕು ಹೆಜ್ಜೆ ಹಾಕಿದೆ, ಕಾಲು ಸೋತಿತು. ಕಂಬಿ ಹಿಡಿದು ಅಲ್ಲೇ ಕುಸಿದೆ.

ನಾನು ದೇವರನ್ನು ಕರೆಯಲಿಲ್ಲ. ನನಗೆ ಬಂದದ್ದು ಕೋಪ. "ಕೊಡಲ್ಲ, ಇವಳನ್ನ ಕೊಡಲ್ಲ" ಎಂದು ಗಟ್ಟಿಯಾಗಿಯೇ ಅಂದೆ. ಯಾರಿಗೆ ಅಂದೆನೋ, ಗೊತ್ತಿಲ್ಲ.

ಆಗ ನನ್ನ ಹಿಂದಿನಿಂದ ಇಬ್ಬರು ಬಂದು, ಪಕ್ಕದಲ್ಲೇ ಹಾದು ಮುಂದೆ ಹೋದರು. ಒಬ್ಬರ ಹಿಂದೆ ಒಬ್ಬರು. ಬೂದು ಬಣ್ಣದ ಒರಟು ನಿಲುವಂಗಿ, ತಲೆಯ ಮೇಲೆ ಅದೇ ಬಟ್ಟೆಯ ಮುಸುಕು, ಸೊಂಟಕ್ಕೆ ಹಗ್ಗ. ಭುಜದ ಮೇಲೆ ಹಿಮ ಕೂತಿತ್ತು. ಕಾಲಿಗೆ ಏನೂ ಇರಲಿಲ್ಲ. ಹಿಮ್ಮಡಿ ಒಡೆದು ರಕ್ತ ಬಂದಿತ್ತು. "ಸುಮಿಮಾಸೆನ್" ಎಂದು, ರೀ ಸ್ವಲ್ಪ ಕೇಳಿ ಎನ್ನುವ ಹಾಗೆ, ಜಪಾನಿಯಲ್ಲಿ ಕೂಗಿದೆ, ತಿರುಗಲಿಲ್ಲ. ಹೇಗೆ ಎದ್ದೆನೋ, ಎದ್ದು ಅವರ ಹಿಂದೆ ನಡೆದೆ. ಅವರ ಬೆನ್ನಿನ ಮರೆಯಲ್ಲಿ ಗಾಳಿ ಅಷ್ಟಾಗಿ ಹೊಡೆಯುತ್ತಿರಲಿಲ್ಲ. ಅವರು ತುಳಿದಲ್ಲೇ ತುಳಿದೆ. ಒಮ್ಮೆ ತೀರಾ ಹಿಂದೆ ಬಿದ್ದಾಗ "ಅಣ್ಣಾ, ಸ್ವಲ್ಪ ನಿಧಾನ" ಎಂದು ಕನ್ನಡದಲ್ಲೇ ಅಂದುಬಿಟ್ಟೆ. ಮುಂದಿನವನು ನಿಲ್ಲಲಿಲ್ಲ. ಹಿಂದಿನವನು ಮಾತ್ರ ಹೆಜ್ಜೆ ನಿಧಾನ ಮಾಡಿದ, ಕೊನೆಯವರೆಗೂ ಹಾಗೇ ನಡೆದ.

ಆಂಬುಲೆನ್ಸಿನ ಕೆಂಪು ದೀಪ ಕಂಡಾಗ ಅತ್ತ ನೋಡಿದೆ. ಮತ್ತೆ ಇತ್ತ ನೋಡಿದರೆ ಅವರಿಲ್ಲ. "ಒಬ್ಬರೇ ಬಂದಿರಾ?" ಎಂದು ಆಂಬುಲೆನ್ಸಿನವನು ಜಪಾನಿಯಲ್ಲಿ ಕೇಳಿದ. ಹೌದೆಂದು ತಲೆಯಾಡಿಸಿದೆ. ಮಗುವಿಗೆ ಆಕ್ಸಿಜನ್ ಹಾಕುತ್ತಿದ್ದಾಗ ವಾದ ಮಾಡಿಕೊಂಡು ಕೂರುವವರು ಯಾರು?

ಇದನ್ನು ಯಾರಿಗೂ ಹೇಳಬಾರದು ಎಂದು ಆಸ್ಪತ್ರೆಯಲ್ಲೇ ತೀರ್ಮಾನಿಸಿದ್ದೆ. ಬೆಳಿಗ್ಗೆ ಗಂಡ ಓಡಿ ಬಂದರು. ನಾನು ಬಾಯಿ ತೆರೆಯುವ ಮೊದಲೇ ಇಂಚರಾ ಎದ್ದು ಕೂತು, "ಅಪ್ಪಾ, ಟೂ ಅಂಕಲ್ಸ್, ನೋ ಶೂಸ್! ಇತಾಸೋ" ಎಂದಳು. ಪಾಪ, ಅವರಿಗೆ ತುಂಬ ನೋವಾಗುತ್ತಿತ್ತೇನೋ ಎಂದು ಅವಳ ಜಪಾನಿ. ಇನ್ನು ಮುಚ್ಚಿಡುವಂತಿರಲಿಲ್ಲ, ನಡೆದದ್ದನ್ನೆಲ್ಲ ಗಂಡನಿಗೆ ಹೇಳಿದೆ.

"ಚಳಿಗೆ ಹಾಗೆಲ್ಲ ಕಾಣತ್ತೆ ಕಣೇ" ಎಂದರು ಇವರು.

"ಮಗೂಗೂ ಅದೇ ಕಾಣತ್ತಾ?"

"ನೀನೇ ಕಥೆ ಹೇಳಿರ್ತೀಯ."

ಹೇಳಿರಲಿಲ್ಲ. ನಾಲ್ಕು ವರ್ಷದ ಮಗುವಿಗೆ ಇಂಗ್ಲೆಂಡಿನ ಸಂನ್ಯಾಸಿಗಳ ಕಥೆ ಹೇಳುವಷ್ಟು ಅರಸಿಕಳಲ್ಲ ನಾನು. ಇಲ್ಲಿ ಭಿಕ್ಷೆಗೆ ನಿಲ್ಲುವ ಬೌದ್ಧ ಸಂನ್ಯಾಸಿಗಳಿರಬಹುದು ಎಂದರು ಕೆಲವರು. ಅವರನ್ನು ನಾನು ಸ್ಟೇಷನ್ನಿನ ಮುಂದೆ ಎಷ್ಟೋ ಸಲ ನೋಡಿದ್ದೇನೆ, ಅವರ ಅಗಲ ಟೋಪಿ, ಹುಲ್ಲಿನ ಚಪ್ಪಲಿ ನನಗೆ ಚೆನ್ನಾಗಿ ಗೊತ್ತು. ಮೈಸೂರಿನ ನನ್ನ ಗೈಡ್ ಮಾತ್ರ ವಿಡಿಯೋ ಕಾಲಿನಲ್ಲಿ ಎಲ್ಲ ಕೇಳಿಸಿಕೊಂಡು, "ನೋಡಮ್ಮ, ಥೀಸಿಸ್ ಮುಗಿಯೋವರೆಗೂ ಇದನ್ನ ಯಾರ ಹತ್ರನೂ ಆಡಬೇಡ" ಎಂದರು.

ಥೀಸಿಸ್ ಮುಗಿದಿದೆ. ಈಗ ಆಡುತ್ತಿದ್ದೇನೆ.

ಪವಾಡ ನಡೆಯಿತೆಂದು ನಾನು ಹೇಳುವುದಿಲ್ಲ. ಇಂಗ್ಲೆಂಡಿನ ಆ ಫ್ರೈಯರ್‌ಗಳು ಈ ದೇಶದ ಸೇತುವೆಗೆ, ಅವರ ಮತಕ್ಕೆ ಸಂಬಂಧವೇ ಇಲ್ಲದ ಮೈಸೂರಿನ ಹೆಂಗಸಿಗಾಗಿ ಏಕೆ ಬರಬೇಕು? ನನಗೆ ಗೊತ್ತಿಲ್ಲ. ಭ್ರಮೆ ಎನ್ನುವವರೂ ಇಂಚರಾಳ ಮಾತಿಗೆ ಉತ್ತರ ಕೊಟ್ಟಿಲ್ಲ. ನೋಡಿದ್ದನ್ನು ನೋಡಲಿಲ್ಲ ಎಂದು ಅವರಿಗೋಸ್ಕರ ಸುಳ್ಳು ಹೇಳಲಾರೆ.

ಇಂಚರಾಗೆ ಈಗ ಹನ್ನೊಂದು. ಆ ಸಂಜೆಯ ಒಂದು ಚೂರೂ ನೆನಪಿಲ್ಲವಂತೆ. ಇನ್ನು ಸಾಕ್ಷಿ ಎಂದರೆ ನಾನೊಬ್ಬಳೇ. ಇದನ್ನು ಬರೆಯುತ್ತಿರುವಾಗ ಅವಳು ಪಕ್ಕದ ಕೋಣೆಯಲ್ಲಿ ಹಾಡು ಹಾಕಿಕೊಂಡು ಧಡಧಡ ಕುಣಿಯುತ್ತಿದ್ದಾಳೆ. ಕೆಳಗಿನ ಮನೆಯವರು ಇನ್ನೇನು ಬಂದು ಬೆಲ್ ಮಾಡುತ್ತಾರೆ. ಮಾಡಲಿ. ಸುಸ್ತಾಗುವವರೆಗೂ ಅವಳು ಕುಣಿಯಲಿ.