ಬಿಳಿಯಲ್ಲಿ ಮೂರು ಬಣ್ಣ ಕಂಡ ಚಿಕ್ಕಬೀರಮ್ಮ

ಹೊಗೆಸೊಪ್ಪಿನ ಎಲೆಯನ್ನು ಚಿಕ್ಕಬೀರಮ್ಮ ಒಂದೇ ನೋಟಕ್ಕೆ ನಂಬುವವಳಲ್ಲ. ಮೇಲೆ ಹೊನ್ನಿನ ಬಣ್ಣ, ಮಗುಚಿದರೆ ಹಸಿರು ನರ. ಕಟ್ಟಿನ ಮೇಲ್ಪದರದಲ್ಲಿ ನಿಂಬೆಹಳದಿ, ನಡುವೆ ಕೈ ಹಾಕಿದರೆ ಸುಟ್ಟ ಕಂದು. ಹುಣಸೂರಿನ ಪ್ರಭುಸ್ವಾಮಿಯವರ ಶೆಡ್ಡಿನಲ್ಲಿ ಬಡಗಣ ಕಿಟಕಿಯ ಪಕ್ಕ ಕೂತು ಇಪ್ಪತ್ತೆರಡು ವರ್ಷ ಎಲೆಗಳನ್ನು ಬಣ್ಣದ ಮೇಲೆ ಬೇರೆಬೇರೆ ಮಾಡಿದ ಕಣ್ಣು ಅದು. ಬಡಗಣ ಕಿಟಕಿಯೇ ಯಾಕೆಂದರೆ ಅಲ್ಲಿ ಬಿಸಿಲು ನೇರ ಬೀಳುವುದಿಲ್ಲ, ಬಣ್ಣ ಸುಳ್ಳು ಹೇಳುವುದಿಲ್ಲ. ಆ ಜಾಗಕ್ಕೆ ಬೇಕಾದ್ದು ಕಣ್ಣೊಂದೇ. ಕಣ್ಣು ಹೋಯಿತೆಂದರೆ ಜಾಗವೂ ಹೋಯಿತು. ಆಮೇಲೆ ನೆಲ ಗುಡಿಸಿ ಎಲೆಪುಡಿ ಒಟ್ಟುವ ಅರ್ಧ ಕೂಲಿಯ ಕೆಲಸ.

ಎರಡು ಸಾವಿರದ ನಾಲ್ಕರ ಕಾರ್ತಿಕದಲ್ಲಿ ಪ್ರಭುಸ್ವಾಮಿ ತಮ್ಮ ಮಹಡಿಯಲ್ಲೊಂದು ಕೋಣೆ ಕಟ್ಟಿಸಿ, ಅದರ ಕಿಟಕಿಗಳಿಗೆ ಕರಿಬಟ್ಟೆ ಹೊಡೆಸಿದರು. ಮನೆಯಲ್ಲೇ ಗೋಡೆಯಗಲ ಸಿನಿಮಾ ನೋಡುವ ಆಸೆ. ಮೈಸೂರಿನ ಅಂಗಡಿಯೊಂದರಿಂದ ಧರ್ಮೇಂದ್ರ ಎಂಬ ಟೈ ಕಟ್ಟಿದ ಸೇಲ್ಸ್‌ಮನ್ ಎರಡು ಪ್ರೊಜೆಕ್ಟರ್ ಹೊತ್ತು ತಂದ. ಒಂದು ಎಲ್‌ಸಿಡಿ, ಇನ್ನೊಂದು ಡಿಎಲ್‌ಪಿ. ಪ್ರಭುಸ್ವಾಮಿಗೆ ಮಾರುವವನ ಮಾತೆಂದರೆ ಹುಟ್ಟುಗುಣದ ಅನುಮಾನ. ಕೆಳಗಿನ ಶೆಡ್ಡಿಗೆ ಹೇಳಿಕಳಿಸಿ ಚಿಕ್ಕಬೀರಮ್ಮನನ್ನು ಮಹಡಿಗೆ ಕರೆಸಿದರು.

"ಎಲೆ ನೋಡೋಳಿಗೆ ಬೆಳಕು ನೋಡೋಕೆ ಬರಲ್ವಾ? ಕೂತ್ಕೊ ಬೀರಮ್ಮ. ಇವನು ಯಾವ್ದುಕ್ಕೆ ಬಣ್ಣ ಬಳೀತಾವ್ನೆ, ನೋಡಿ ಹೇಳು."

ಮೊದಲು ಎಲ್‌ಸಿಡಿ ಬೆಳಗಿತು. ಸೀರೆಯ ಕೆಂಪು ಕೆಂಪಾಗೇ ಇತ್ತು, ಗದ್ದೆಯ ಹಸಿರೂ ಹಸಿರೇ. ಆದರೆ ಕತ್ತಲಿನ ದೃಶ್ಯ ಬಂದಾಗ ಕಪ್ಪು ಮಾಸಿದ ಕಂಬಳಿಯಂತೆ ಬೂದಿಬೂದಿ. ಹತ್ತಿರ ಹೋದರೆ ಚಿತ್ರದ ಮೇಲೆ ಸೊಳ್ಳೆಪರದೆ ಹೊದಿಸಿದಂತೆ ಸಣ್ಣ ಜಾಲರಿ.

"ಇದು ಹಳೇ ತಂತ್ರ ಸಾರ್," ಎಂದ ಧರ್ಮೇಂದ್ರ. "ದೂಳಿಗೆ ಆಗಲ್ಲ. ನಾಕೈದು ವರ್ಷಕ್ಕೆ ಒಳಗಿನ ಗಾಜು ಹಳದಿಗೆ ತಿರುಗ್ತದೆ. ಡಿಎಲ್‌ಪಿ ಅಂದ್ರೆ ಲಕ್ಷಾಂತರ ಪುಟಾಣಿ ಕನ್ನಡಿ ಸಾರ್. ಕಪ್ಪು ಅಂದ್ರೆ ಕಪ್ಪು. ಯಾವ್ದೇ ದೋಷ ಇಲ್ಲ."

ದೋಷವೇ ಇಲ್ಲ ಎಂದ ಕೂಡಲೇ ಚಿಕ್ಕಬೀರಮ್ಮನ ಹುಬ್ಬು ಮೇಲೇರಿತು. ನಡುವೆ ಏನೂ ಇಲ್ಲ ಎಂದು ಆಣೆ ಹಾಕುವವನ ಸೊಪ್ಪಿನ ಕಟ್ಟಿಗೇ ಅವಳು ಮೊದಲು ಕೈ ಹಾಕುವುದು. ಅಷ್ಟರಲ್ಲಿ ಕರೆಂಟು ಹೋಯಿತು. ಧರ್ಮೇಂದ್ರ ಹೌಹಾರಿ ಯಂತ್ರಕ್ಕೆ ರಟ್ಟಿನಿಂದ ಗಾಳಿ ಬೀಸತೊಡಗಿದ.

"ಏನಯ್ಯಾ, ಅದಕ್ಕೇನು ಜ್ವರವಾ?"

"ಬಲ್ಬು ತಣ್ಣಗಾಗೋವರ್ಗೂ ಒಳಗಿನ ಫ್ಯಾನ್ ತಿರುಗ್ಬೇಕು ಸಾರ್. ಇಲ್ಲಾಂದ್ರೆ ಬಲ್ಬಿನ ಆಯಸ್ಸು ಕಮ್ಮಿ ಆಗ್ತದೆ."

"ಹುಣಸೂರಲ್ಲಿ ಕರೆಂಟು ನಿನ್ನ ಫ್ಯಾನನ್ನ ಕೇಳ್ಕೊಂಡು ಹೋಯ್ತದಾ? ಇದನ್ನ ಯಾಕಯ್ಯಾ ಮೊದ್ಲೇ ಹೇಳ್ಲಿಲ್ಲ?"

"ಯುಪಿಎಸ್ ಹಾಕುದ್ರಾಯ್ತು ಸಾರ್, ಎರಡಕ್ಕೂ ಬೇಕಾಗ್ತದೆ."

ಕೇಳಿದರೆ ಮಾತ್ರ ಹೇಳುವ ಆಸಾಮಿ ಎಂದು ಚಿಕ್ಕಬೀರಮ್ಮ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು. ಕರೆಂಟು ಬಂದು ಡಿಎಲ್‌ಪಿ ಹತ್ತಿತು. ಕಾಡಿಗೆಯಂಥ ಕಪ್ಪಿನ ಮೇಲೆ ಬಿಳಿ ಅಕ್ಷರಗಳು ಮೂಡಿದವು. ಪ್ರಭುಸ್ವಾಮಿ "ಆಹಾ" ಎಂದರು. ಅವರ ಹೆಂಡತಿ ಶಾಂಭವಿ ಕೂಡ ತಲೆದೂಗಿದರು. ಚಿಕ್ಕಬೀರಮ್ಮ ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣು ಹೊರಳಿಸಿದಳು. ಬಿಳಿ ಅಕ್ಷರದ ಅಂಚಿನಿಂದ ಕೆಂಪು, ಹಸಿರು, ನೀಲಿ ಚಿಮ್ಮಿ ಮಾಯವಾದವು. ಮತ್ತೆ ಹೊರಳಿಸಿದಳು. ಮತ್ತೆ ಚಿಮ್ಮಿದವು.

"ಯಜಮಾನ್ರೇ, ಈ ಬಿಳಿ ಬಿಳಿಯಲ್ಲ. ಒಡ್ದೋಗ್ತಾದೆ. ಮೂರು ಬಣ್ಣ ಆಯ್ತಾದೆ."

ಪ್ರಭುಸ್ವಾಮಿ ಕಣ್ಣು ಕಿರಿದು ಮಾಡಿದರು. ಏನೂ ಕಾಣಲಿಲ್ಲ. ಶಾಂಭವಿಗೂ ಕಾಣಲಿಲ್ಲ. ಧರ್ಮೇಂದ್ರ ನಕ್ಕ. ಅದೇ ಯಂತ್ರದ ಪುಸ್ತಕ ಅವನ ಚೀಲದಲ್ಲಿತ್ತು, ಅವನ ನಗು ಮಾತ್ರ ಕರುಣೆಯದು.

"ವಯಸ್ಸಾಯ್ತಲ್ಲಮ್ಮ. ಒಂದ್ಸಲ ಕಣ್ಣಿನ ಡಾಕ್ಟ್ರಿಗೆ ತೋರಿಸ್ಬುಡಿ."

ಟೈ ಕಟ್ಟಿದವನ ಮಾತು ಒಂದು ತಾಸಿನಲ್ಲಿ ಶೆಡ್ಡಿಗಿಳಿಯಿತು. ಮೇಸ್ತ್ರಿ ಶಿವಣ್ಣನಿಗೆ ಅಷ್ಟೇ ಸಾಕಿತ್ತು. ನಾದಿನಿ ರಾಧಾಳನ್ನು ಕಿಟಕಿಯ ಪಕ್ಕ ಕೂರಿಸಲು ಅವನು ಎರಡು ವರ್ಷದಿಂದ ಹೊಂಚುತ್ತಿದ್ದ.

"ಏನ್ ಬೀರಮ್ಮ, ಬಿಳೀಲಿ ಕಾಮನಬಿಲ್ಲು ಕಂಡ್ಯಂತೆ? ನಾಳೆ ಎಲೇಲಿ ನವಿಲು ಕಾಣ್ತೀಯ. ಏಳವ್ವ, ಪರಕೆ ತಗ."

ಪ್ರಭುಸ್ವಾಮಿ ಬೇಡವೆನ್ನಲಿಲ್ಲ. ಇಪ್ಪತ್ತೆರಡು ವರ್ಷ ಈ ಕಣ್ಣನ್ನು ನಂಬಿ ಮಾರುಕಟ್ಟೆಗೆ ಕಟ್ಟು ಕಳಿಸಿದ ಮನುಷ್ಯ, ಅರ್ಧ ದಿನದ ಪರಿಚಯದ ವ್ಯಾಪಾರಿಯ ಮಾತಿಗೆ ಅದೇ ಕಣ್ಣನ್ನು ಬಿಟ್ಟುಕೊಟ್ಟ. ಕಿಟಕಿಯ ಪಕ್ಕ ಕೂತವಳು ಲಾಭ ತರುವವರೆಗೆ ಅವಳದು ಕಣ್ಣು. ಒಂದು ಬೇಡದ ಮಾತು ಹೇಳಿದಳೋ, ಅದು ಪೊರೆ.

ಪರಕೆ ಹಿಡಿದ ಮೂರು ದಿನವೂ ಚಿಕ್ಕಬೀರಮ್ಮ ಮೊದಲು ಅನುಮಾನಿಸಿದ್ದು ತನ್ನನ್ನೇ. ಲಕ್ಷ್ಮಣತೀರ್ಥದ ದಂಡೆಯಲ್ಲಿ ಒಣಹಾಕಿದ್ದ ಬಿಳಿ ಪಂಚೆಗಳ ಮೇಲೆ ಕಣ್ಣು ಹೊರಳಿಸಿ ನೋಡಿದಳು. ಬಿಳಿ ಬಿಳಿಯಾಗೇ ಇತ್ತು. ಮನೆಯ ಬಲ್ಬನ್ನೂ ಹಾಗೇ ನೋಡಿದಳು, ಅಲ್ಲೂ ಏನಿಲ್ಲ. ಗುಡಿಸಿದ ಪುಡಿಯಲ್ಲೇ ನಿಂಬೆಹಳದಿ ಚೂರು, ಕಿತ್ತಳೆ ಚೂರು ಬೇರೆ ಮಾಡಿ ನೋಡಿದಳು. ಒಂದೂ ತಪ್ಪಲಿಲ್ಲ. ಹಾಗಾದರೆ ದೋಷ ಕಣ್ಣಿನದಲ್ಲ. ಮತ್ತೊಂದು ಹೊಳೆಯಿತು: ನೆಟ್ಟು ನೋಡಿದಾಗ ಮಹಡಿಯ ಗೋಡೆಯ ಮೇಲೆ ಬಣ್ಣ ಕಂಡಿರಲಿಲ್ಲ, ಕಣ್ಣು ಓಡಿದಾಗ ಮಾತ್ರ ಕಂಡಿತ್ತು. ತನ್ನ ಕಣ್ಣು ಓಡುವ ಬದಲು ಬೆಳಕಿನಲ್ಲಿ ಬೇರೇನಾದರೂ ಓಡಿದರೆ?

ನಾಲ್ಕನೆಯ ದಿನ ವ್ಯಾಪಾರ ಮುಗಿಸಲು ಧರ್ಮೇಂದ್ರ ಎರಡೂ ಯಂತ್ರಗಳೊಂದಿಗೆ ಮತ್ತೆ ಬಂದ. ಚಿಕ್ಕಬೀರಮ್ಮ ಕರೆಯದೆಯೇ ಮಹಡಿ ಹತ್ತಿದಳು, ಕೈಯಲ್ಲಿ ಪರಕೆ ಸಮೇತ. ಹಿಂದೆಯೇ ಶಿವಣ್ಣ ಗದರುತ್ತ ಬಂದ.

"ಎಲ್ಲಿಗಮ್ಮಾ?"

"ಗುಡ್ಸೋಕೆ. ನೀನೇ ಕೊಟ್ಟ ಕೆಲ್ಸ ಅಲ್ವಾ?" ಎಂದವಳೇ ಪ್ರಭುಸ್ವಾಮಿಯ ಕಡೆ ತಿರುಗಿದಳು. "ಯಜಮಾನ್ರೇ, ಬೊಂಬೆ ಗಿಂಬೆ ಬ್ಯಾಡ. ಬರೀ ಬಿಳಿ ಬುಡೋಕೆ ಹೇಳಿ."

ಧರ್ಮೇಂದ್ರ ತಡವರಿಸಿದ. "ಅದೆಲ್ಲ ಯಾಕೆ ಸಾರ್..."

"ಬುಡಯ್ಯಾ," ಎಂದರು ಪ್ರಭುಸ್ವಾಮಿ. ತಡವರಿಕೆ ಅವರಿಗೂ ಕಂಡಿತ್ತು.

ಮೊದಲು ಎಲ್‌ಸಿಡಿಯ ಬಿಳಿ ಬೆಳಕಿನಲ್ಲಿ ತೆಂಗಿನಕಡ್ಡಿ ಪರಕೆಯನ್ನು ಬೀಸಿದಳು. ಕಡ್ಡಿ ಕಡ್ಡಿಯಾಗೇ ಓಡಿತು. ಆಮೇಲೆ ಡಿಎಲ್‌ಪಿಯ ಬೆಳಕಿನಲ್ಲಿ ಬೀಸಿದಳು. ಒಂದೊಂದು ಕಡ್ಡಿಯೂ ಕೆಂಪು, ಹಸಿರು, ನೀಲಿಯಾಗಿ ಒಡೆದು ನವಿಲುಗರಿಯಂತೆ ಕೆದರಿತು. ಶಾಂಭವಿ "ಅಯ್ಯೋ ಶಿವನೇ!" ಎಂದು ಎದ್ದೇ ನಿಂತರು. ಪ್ರಭುಸ್ವಾಮಿ ತಾವೇ ಹೋಗಿ ಕೈ ಬೀಸಿದರು. ಅವರ ಐದು ಬೆರಳೂ ಬಣ್ಣಬಣ್ಣದ ಹದಿನೈದಾದವು.

"ಇದೇನಯ್ಯಾ?"

ಧರ್ಮೇಂದ್ರ ಟೈ ಸಡಿಲಿಸಿಕೊಂಡ. "ಒಳಗೊಂದು ಬಣ್ಣದ ಚಕ್ರ ತಿರುಗ್ತದೆ ಸಾರ್. ಮೂರು ಬಣ್ಣ ಒಂದಾದಮೇಲೊಂದು ಬರ್ತವೆ, ನಮ್ಮ ಕಣ್ಣು ಬೆರೆಸ್ಕೊಂಡು ಬಿಳಿ ಅನ್ಕೋತದೆ. ಎಲ್ಸೀಡೀಲಿ ಮೂರೂ ಒಟ್ಟಿಗೇ ಬೀಳ್ತವೆ. ಕೆಲವ್ರ ಕಣ್ಣಿಗೆ ಮಾತ್ರ ಈ ಒಡಕು ಕಾಣ್ತದೆ."

"ನಿಂಗೆ ಮೊದ್ಲೇ ಗೊತ್ತಿತ್ತಾ?" ಚಿಕ್ಕಬೀರಮ್ಮ ಕೇಳಿದಳು.

"ಪುಸ್ತಕದಲ್ಲೇ ಇದೆ ಅಮ್ಮ."

"ಗೊತ್ತಿದ್ದೂ ನನ್ನ ಡಾಕ್ಟ್ರ ತಾವ ಕಳಿಸ್ದೆ?"

ಅವನು ನೆಲದ ವೈರು ಸುತ್ತತೊಡಗಿದ.

"ಈಗ ಯಾವ್ದು ತಗಳ್ಲಿ ಬೀರಮ್ಮ?" ಪ್ರಭುಸ್ವಾಮಿಯ ದನಿ ಇಳಿದಿತ್ತು.

"ಇದ್ನೇ ತಗಳಿ. ನಿಮಗೂ ಅಮ್ಮೋರ್ಗೂ ಒಡಕು ಕಾಣಲ್ಲ, ಕಪ್ಪು ಇದ್ರದ್ದೇ ಚೆಂದ. ಆ ಹಳೇ ತಂತ್ರದ್ರೊಳಕ್ಕೆ ನಮ್ಮ ಸೊಪ್ಪಿನ ದೂಳು ಹೋಯ್ತು ಅಂದ್ರೆ ಬೊಂಬೆಗೆಲ್ಲ ಚುಕ್ಕೆ ಬಿದ್ದಾದು. ಯಂತ್ರ ಕೆಟ್ಟದ್ದು ಅಂತ ನಾನು ಅನ್ನಲೇ ಇಲ್ಲ. ಕೆಟ್ಟಿರೋದು ನನ್ ಕಣ್ಣು ಅಂದೋರು ಇಲ್ಲೇ ಅವ್ರೆ. ಆ ಮಾತ ಇಲ್ಲೇ ವಾಪಸ್ ತಗಳ್ಲಿ."

ಪ್ರಭುಸ್ವಾಮಿ ಗೋಡೆ ನೋಡುತ್ತ, "ನಾಳೆಯಿಂದ ಕಿಟಕಿ ತಾವ ಕೂತ್ಕೊ" ಎಂದರು. ತಪ್ಪಾಯಿತು ಎನ್ನುವ ಮಾತು ಆ ಮನೆಯ ಬಾಯಿಗೆ ರೂಢಿಯಿರಲಿಲ್ಲ.

"ನಾಳೆ ಯಾಕೆ? ಇನ್ನೂ ಬೆಳಕದೆ."

ಪರಕೆಯನ್ನು ಶಿವಣ್ಣನ ಕೈಗಿಟ್ಟು ಇಳಿದಳು. ಅವಳು ಬರುವುದನ್ನು ಕಂಡು ಕಿಟಕಿಯ ಪಕ್ಕದಿಂದ ರಾಧಾ ಅರ್ಧ ಎದ್ದಳು. ಚಿಕ್ಕಬೀರಮ್ಮ ಅವಳ ಭುಜ ಅದುಮಿ ಪಕ್ಕಕ್ಕೆ ಸರಿಸಿ ಕೂತಳು. ಮೂರು ದಿನದಿಂದ ರಾಧಾ ಕಟ್ಟಿದ್ದ ಕಟ್ಟುಗಳಲ್ಲಿ ಮೊದಲನೆಯದನ್ನು ಬಿಚ್ಚಿ, ಮೇಲಿನ ಹೊನ್ನಿನ ಬಣ್ಣದ ಎಲೆಯನ್ನು ಮಗುಚಿದಳು. ಕೆಳಗೆ ಹಸಿರು ನರ.

"ನಿಂಗೆ ಯಾರೂ ಹೇಳ್ಕೊಡ್ಲಿಲ್ವಾ ಮಗ? ಹೋಗ್ಬ್ಯಾಡ, ಇಲ್ಲೇ ಕೂತ್ಕೊ. ಮೊದಲ್ನೇದ್ರಿಂದ ನೋಡನ."