ಶೇಕಡಾ ಎಂಟು ಗಂಧಕ

ಸ್ಪ್ರೆಡ್‌ಶೀಟಿನ ಚೌಕಗಳ ಮೇಲೆ ನನಗೆ ಒಂದು ಬಗೆಯ ಮೋಹ. ಸಂಸ್ಕೃತ ಪಾಠ ಹೇಳಿ ನಿವೃತ್ತನಾದವನಿಗೆ ಇದೇನು ಹುಚ್ಚು ಎನ್ನಬೇಡಿ. ಶೇಕಡಾ ಎಂದು ಮೊದಲೇ ಗೊತ್ತುಮಾಡಿಟ್ಟ ಚೌಕವನ್ನು ನೋಡಿ: 10 ಎಂದು ಒತ್ತಿದರೂ ಶೇಕಡಾ ಹತ್ತು, 0.1 ಎಂದು ಒತ್ತಿದರೂ ಶೇಕಡಾ ಹತ್ತು! ಒಂದಕ್ಕಿಂತ ಚಿಕ್ಕ ಅಂಕಿ ಕಂಡರೆ ಪಾಪ, ಇವರಿಗೆ ಗುಣಾಕಾರ ಬರುವುದಿಲ್ಲವೆಂದು ತಾನೇ ನೂರರಿಂದ ಗುಣಿಸಿಕೊಳ್ಳುತ್ತದೆ. ಹೇಳದೆ ಬಿಟ್ಟ ಪದವನ್ನು ತಾವೇ ತುಂಬಿಕೊಂಡು ಅರ್ಥ ಹೇಳುವುದಕ್ಕೆ ನಮ್ಮ ವ್ಯಾಖ್ಯಾನಕಾರರು ಅಧ್ಯಾಹಾರ ಎನ್ನುತ್ತಾರೆ. ನಮ್ಮ ಶಿವಮೊಗ್ಗದ ಗಾಂಧಿ ಬಜಾರಿನ ಬಟ್ಟೆ ಅಂಗಡಿಯವನೂ ಅದನ್ನೇ ಮಾಡುತ್ತಾನೆ. ನಾನು ಬಾಯಿ ತೆರೆಯುವ ಮೊದಲೇ ಪಂಚೆ ಬಿಚ್ಚಿ ಹರಡುತ್ತಾನೆ. ನಾನು ಹೋಗಿದ್ದು ಟವೆಲ್ಲಿಗೆ.

ಊಹೆ ಎಲ್ಲಿ ಕೈಕೊಡುತ್ತದೆಂದು ತಿಳಿದದ್ದು ಭದ್ರಾವತಿಯಲ್ಲಿ. ನನ್ನ ಹೆಂಡತಿ ಸುಮಿತ್ರಾ ಅಲ್ಲಿನ ಒಂದು ಸಣ್ಣ ಫೌಂಡ್ರಿಯಲ್ಲಿ ಕೆಮಿಸ್ಟು. ಎರಕ ಹೊಯ್ದ ಕಬ್ಬಿಣದಲ್ಲಿ ಏನೇನು ಎಷ್ಟೆಷ್ಟಿದೆ ಎಂಬ ವರದಿಗೆ ಅವಳ ಸಹಿ ಬಿದ್ದರೇ ಮಾಲು ಹೊರಡುವುದು. ಇಂಗಾಲ ಶೇಕಡಾ ಮೂರು ದಾಟುತ್ತದೆ, ಗಂಧಕ ಶೇಕಡಾ ಒಂದರ ಹತ್ತನೇ ಪಾಲೂ ಇರುವುದಿಲ್ಲ, ಹೆಚ್ಚಾದರೆ ಎರಕ ಬಿರುಕು ಬಿಡುತ್ತದೆ. ಎರಡೂ ಕೂರುವುದು ಒಂದೇ ಸಾಲಿನಲ್ಲಿ. ಆ ಸಲ ಖರೀದಿದಾರರು ಶೇಕಡಾ ಚೌಕಗಳಿದ್ದ ತಮ್ಮದೇ ಹೊಸ ಹಾಳೆ ಕಳಿಸಿದ್ದರು. ಅವಳು ಇಂಗಾಲಕ್ಕೆ 3.4 ಒತ್ತಿದಳು, ಸರಿಯಾಗಿ ಕೂತಿತು. ಗಂಧಕಕ್ಕೆ 0.08 ಒತ್ತಿದಳು. ಉಪಕಾರಬುದ್ಧಿಯ ಚೌಕ ಅದನ್ನು ಶೇಕಡಾ ಎಂಟು ಮಾಡಿತು. ರೂಢಿಯ ಕಣ್ಣು ನೋಡಲಿಲ್ಲ, ಕೈ ಸಹಿ ಹಾಕಿತು.

ಮರುದಿನ ತಿಂಡಿಯ ಹೊತ್ತಿಗೆ ಮಾಲು ಒಯ್ಯಲು ಬಂದಿದ್ದ ಇಂಜಿನಿಯರು ಫೋನ್ ಮಾಡಿದ. "ಮೇಡಂ, ಗಂಧಕ ಎಂಟು ಪರ್ಸೆಂಟ್ ಅಂತಿದೆ. ಈ ಲೋಡ್ ನಮಗೆ ಬೇಡ, ಕರಗಿಸ್ಕೊಳ್ಳಿ."

ಅವಳ ಮುಖ ಸಪ್ಪಗಾಯಿತು. ಲಾರಿ ತುಂಬ ಎರಕ ಮತ್ತೆ ಕುಲುಮೆಗೆ ಹೋದರೆ ಮುಂದೆ ಅವಳ ಸಹಿಯನ್ನು ಯಾರು ನಂಬುತ್ತಾರೆ? ಅವಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಶಿವಮೊಗ್ಗದಿಂದ ಭದ್ರಾವತಿಗೆ ಹೊರಟೆ.

"ಕಂಪ್ಯೂಟರ್ ತಪ್ಪು ಅಂತ ಹೇಳ್ಬಿಡು ಮಾರಾಯ್ತಿ" ಎಂದೆ.

"ಸಹಿ ಕಂಪ್ಯೂಟರ್ ಹಾಕಿಲ್ವಲ್ರೀ."

ಇಂಜಿನಿಯರನ ಎದುರು ಅವಳು ಅಳುಕಲಿಲ್ಲ. "ಬರೆದದ್ದು ತಪ್ಪು, ಅದು ನಂದು. ಕಬ್ಬಿಣದಲ್ಲಿ ತಪ್ಪಿಲ್ಲ. ನನ್ನ ಮಾತು ನಂಬಬೇಡಿ, ಲಾರಿಯಿಂದ ಯಾವ್ದಾದ್ರೂ ಒಂದು ನೀವೇ ಆರಿಸಿ, ಕತ್ತರಿಸಿ ನೋಡೋಣ."

ಅವನು ಅಡಿಯಿಂದಲೇ ಒಂದನ್ನು ಎಳೆಸಿದ. ಕತ್ತರಿಸಿದ ತುಂಡನ್ನು ಉಜ್ಜಿ ಯಂತ್ರಕ್ಕಿಟ್ಟು ಅಂಕಿ ಬರುವಷ್ಟರಲ್ಲಿ ನನಗೆ ಬರುವ ದೇವರ ನಾಮಗಳೆಲ್ಲ ಮುಗಿದವು. ಗಂಧಕ ಶೇಕಡಾ 0.08 ಎಂದೇ ಬಂತು. ಅವಳು ಅಂಕಿಯ ಪಕ್ಕ ಶೇಕಡಾ ಚಿಹ್ನೆಯನ್ನೂ ಒತ್ತಿ ವರದಿ ತಿದ್ದಿದಳು. ಚಿಹ್ನೆ ಜೊತೆಗಿದ್ದರೆ ಚೌಕ ಊಹಿಸಲು ಹೋಗುವುದಿಲ್ಲವಂತೆ. ಲಾರಿ ಹೊರಟಿತು.

ವಾಪಸು ಬರುವಾಗ ಯೋಚಿಸಿದೆ. ಮದುವೆಯಾದಂದಿನಿಂದ ಅವಳ ಸಾರಿಗೂ ಸೀರೆಗೂ ಸಾಹಸಕ್ಕೂ ನಾನು ಹೇಳಿದ್ದು ಒಂದೇ ಮಾತು, "ಪರವಾಗಿಲ್ಲ." ಅದು ನೂರಕ್ಕೆ ನೂರೋ, ನೂರಕ್ಕೆ ಒಂದೋ ಎಂದು ಅವಳೇ ಊಹಿಸಿಕೊಳ್ಳಬೇಕು. ತಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಹೇಳಿದೆ.

"ಇವತ್ತು ನಿನ್ನ ನೋಡಿ ನಂಗೆ ತುಂಬಾ ಹೆಮ್ಮೆ ಆಯ್ತು ಕಣೇ."

ಹಿಂದಿನಿಂದ ಅವಳು ಭುಜ ತಟ್ಟಿದಳು. ಆಮೇಲೆ, "ಗಾಳೀಲಿ ಏನೂ ಕೇಳಿಸ್ಲಿಲ್ಲ, ಗಾಡಿ ನಿಲ್ಸಿ ಹೇಳ್ರೀ."

ನಿಲ್ಲಿಸಿ, ಹೆಲ್ಮೆಟ್ ತೆಗೆದು, ತಿರುಗಿ ನೋಡಿದೆ. ಮೊದಲ ಸಲವೇ ಕೇಳಿಸಿತ್ತೆಂದು ಅವಳ ಮುಖವೇ ಹೇಳುತ್ತಿತ್ತು. ಆದರೂ ಇನ್ನೊಮ್ಮೆ ಹೇಳಿದೆ.