ವೀಸಾ ಕಿಟಕಿಯಲ್ಲಿ ಹುಟ್ಟುಹಬ್ಬ

ಐದು ಸಾವಿರ ಮೀಟರ್ ಓಟದ ಗೆರೆಯಲ್ಲಿ ನಿಂತಾಗಲೂ ನಾನು ಹೀಗೆ ಹೆದರಿದ್ದಿಲ್ಲ. ಮದ್ರಾಸಿನ ಅಮೆರಿಕ ವೀಸಾ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರೇ ಉಳಿದಿದ್ದರು. ಅಮೆರಿಕದ ಕಾಲೇಜೊಂದು ನನ್ನ ಓಟ ನೋಡಿಯೇ ಸೀಟು ಕೊಟ್ಟಿತ್ತು. ಹೊರದೇಶದ ಓಟಗಾರರ ವಯಸ್ಸನ್ನು ವೀಸಾ ಅಧಿಕಾರಿಗಳು ಕೆದಕಿ ಕೆದಕಿ ನೋಡುತ್ತಾರೆಂದು ಬಸವನಗುಡಿಯ ನನ್ನ ಕೋಚ್ ಹೆದರಿಸಿ ಕಳಿಸಿದ್ದರು.

ನಾನು ಹುಟ್ಟಿದ್ದು ದೀಪಾವಳಿಯ ಬಲಿಪಾಡ್ಯಮಿಯಂದು. ಮನೆಯಲ್ಲಿ ಆರತಿ ಎತ್ತುವುದೂ ಅಂದೇ. ಆದರೆ ಚಾಮರಾಜಪೇಟೆಯ ಶಾಲೆಗೆ ಒಂದು ವರ್ಷ ಮೊದಲೇ ಸೇರಿಸಲು ಅಪ್ಪ ಮೇ ತಿಂಗಳ ತಾರೀಖೊಂದನ್ನು ಬರೆಸಿದ್ದರು. ಪಾಸ್‌ಪೋರ್ಟಿನಲ್ಲೂ ಅದೇ ಇದೆ. ಬರುವಾಗ ರೈಲಿನಲ್ಲಿ ಅಪ್ಪ ಅದನ್ನು ನನ್ನಿಂದ ಹತ್ತು ಸಲ ಹೇಳಿಸಿದ್ದರು.

“ಕೇಳಿದ ತಕ್ಷಣ ಹೇಳ್ಬಿಡ್ಬೇಕು ಪುಟ್ಟಿ. ಯೋಚ್ನೆ ಮಾಡ್ತಾ ನಿಲ್ಬಾರ್ದು.”

ಕಿಟಕಿಯಾಚೆಯ ಅಧಿಕಾರಿ ತಾರೀಖನ್ನು ಕೇಳಲೇ ಇಲ್ಲ. ಪಾಸ್‌ಪೋರ್ಟ್ ತೆರೆದರು, ಮೇಜಿನ ಮೇಲಿದ್ದ ಕ್ಯಾಲೆಂಡರ್ ನೋಡಿದರು, ನಕ್ಕರು.

“ಹ್ಯಾಪಿ ಬರ್ತ್‌ಡೇ” ಎಂದರು.

ಯಾರಿಗೆ ಹೇಳಿದರೆಂದು ನಾನು ಹಿಂದೆ ತಿರುಗಿ ನೋಡಿದೆ. ಮತ್ತೆ ಅವರತ್ತ ತಿರುಗುವಷ್ಟರಲ್ಲಿ ಆ ನಗು ಇರಲಿಲ್ಲ. ಕೈಗೆತ್ತಿಕೊಂಡಿದ್ದ ಮೊಹರನ್ನು ಮೆಲ್ಲನೆ ಕೆಳಗಿಡುತ್ತಿದ್ದರು.